ಹ್ಯಾಂಡಲ್ ಲಾಕ್ ಕಚ್ಚಿಕೊಂಡಾಗ

ಮೋಟಾರ್ ಸೈಕಲ್ಲಿನ ಹ್ಯಾಂಡಲ್ ಲಾಕ್ ಎಂದರೆ ಮೂಲದಲ್ಲಿ ಬೆರಳ ತುದಿಯಷ್ಟು ದಪ್ಪದ ಒಂದು ಉಕ್ಕಿನ ಪಿನ್. ಕೀ ತಿರುಗಿಸಿದಾಗ ಅದು ಹೊರಚಾಚಿ, ಹ್ಯಾಂಡಲ್ಲಿನೊಂದಿಗೆ ತಿರುಗುವ ಭಾಗವನ್ನು ತಿರುಗದ ಚಾಸಿಗೆ ಸೇರಿಸಿ ಹಿಡಿಯುತ್ತದೆ. ಮುಂದಿನ ಚಕ್ರ ಒಂದು ಪಕ್ಕಕ್ಕೆ ಹೊರಳಿಯೇ ನಿಲ್ಲುತ್ತದೆ. ಆಮೇಲೆ ಗಾಡಿಯನ್ನು ಎಷ್ಟು ತಳ್ಳಿದರೂ ಅದು ಇದ್ದ ಜಾಗದಲ್ಲೇ ಸುತ್ತು ಹಾಕುತ್ತದೆಯೇ ಹೊರತು ನೇರ ಹೋಗುವುದಿಲ್ಲ. ಕಳ್ಳನನ್ನು ತಡೆಯಲೆಂದು ಇಟ್ಟ ಈ ಪಿನ್ ಕೆಲವೊಮ್ಮೆ ಮಾಲೀಕನ ಕೀಗೂ ಬಗ್ಗುವುದಿಲ್ಲ. ಆಗ ಹೆಚ್ಚಿನವರು ಕೈಬಲ ತೋರಿಸಲು ಹೋಗಿ ಕೀ ಮುರಿದುಕೊಳ್ಳುತ್ತಾರೆ. ವಾಸ್ತವದಲ್ಲಿ ಕಚ್ಚಿಕೊಂಡ ಹತ್ತು ಲಾಕ್‌ಗಳಲ್ಲಿ ಬಹುಪಾಲು ಬಲ ಹಾಕದೆಯೇ ಬಿಡುತ್ತವೆ. ಎಲ್ಲಿ ಕಚ್ಚಿಕೊಂಡಿದೆ ಎಂದು ಮೊದಲು ತಿಳಿದುಕೊಳ್ಳಬೇಕು, ಅಷ್ಟೆ.

ಲಾಕ್‌ಗಳಲ್ಲಿ ಎರಡು ಬಗೆ. ಹಳೆಯ ರಾಯಲ್ ಎನ್‌ಫೀಲ್ಡ್ ಬುಲೆಟ್‌ನಂಥ ಗಾಡಿಗಳಲ್ಲಿ ಇಗ್ನಿಷನ್ ಸ್ವಿಚ್ಚು ಹೆಡ್‌ಲೈಟಿನ ಮೇಲ್ಭಾಗದಲ್ಲಿದ್ದರೆ ಹ್ಯಾಂಡಲ್ ಲಾಕು ಚಾಸಿಯ ಕತ್ತಿನ ಪಕ್ಕದಲ್ಲಿ, ಮಂಡಿಯೂರಿ ನೋಡಿದರೆ ಮಾತ್ರ ಕಾಣುವ ಜಾಗದಲ್ಲಿ ಪ್ರತ್ಯೇಕವಾಗಿ ಇರುತ್ತದೆ. ಇಂದಿನ ಬಹುತೇಕ ಬೈಕು, ಸ್ಕೂಟರುಗಳಲ್ಲಿ ಎರಡೂ ಒಂದೇ ಡಬ್ಬಿಯೊಳಗಿವೆ. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿ, ಆಫ್ ಸ್ಥಾನದಲ್ಲಿ ಕೀಯನ್ನು ಒಳಕ್ಕೆ ಒತ್ತಿ, ಮತ್ತೆ ಎಡಕ್ಕೆ ಹೊರಳಿಸಿದರೆ ಪಿನ್ ಹೊರಬಂದು ತನ್ನ ಗುಂಡಿಯಲ್ಲಿ ಕೂರುತ್ತದೆ. ಕೀಯನ್ನು ಒತ್ತಿಯೇ ತಿರುಗಿಸಬೇಕೆಂಬ ಕಟ್ಟು ಸುಮ್ಮನೆ ಬಂದದ್ದಲ್ಲ. ಓಡುವ ಗಾಡಿಯಲ್ಲಿ ಆಕಸ್ಮಿಕವಾಗಿ ಲಾಕ್ ಬೀಳದಂತೆ ತಡೆಯುವ ವ್ಯವಸ್ಥೆ ಅದು. ಹ್ಯಾಂಡಲ್ ಇರುವ ವಾಹನಗಳ ಕಳ್ಳತನ ತಡೆ ಸಾಧನಗಳಿಗಾಗಿಯೇ ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 62ನೇ ಸಂಖ್ಯೆಯ ಪ್ರತ್ಯೇಕ ನಿಯಮವಿದೆ.

ಕೀ ಹೋಗುವ ತೂತಿನ ಒಳಗೆ ಒಂದು ಉರುಳೆ ಇದೆ. ಮೆಕ್ಯಾನಿಕ್ಕುಗಳು ಅದನ್ನು ಬ್ಯಾರಲ್ ಎನ್ನುತ್ತಾರೆ. ಉರುಳೆಯ ಅಡ್ಡಕ್ಕೆ ಸಾಲಾಗಿ ಹಿತ್ತಾಳೆಯ ತೆಳು ಬಿಲ್ಲೆಗಳು ಕೂತಿರುತ್ತವೆ. ಸಾಮಾನ್ಯವಾಗಿ ಐದರಿಂದ ಎಂಟು. ಪ್ರತಿ ಬಿಲ್ಲೆಯ ಕೆಳಗೂ ಕೂದಲಿಗಿಂತ ಸ್ವಲ್ಪವೇ ದಪ್ಪನೆಯ ತಂತಿಯ ಸ್ಪ್ರಿಂಗ್. ಕೀ ಇಲ್ಲದಾಗ ಈ ಬಿಲ್ಲೆಗಳು ಉರುಳೆಯಿಂದ ಹೊರಕ್ಕೆ ಇಣುಕಿ, ಸುತ್ತಲಿನ ಕವಚದ ಗೆರೆಯಲ್ಲಿ ಸಿಕ್ಕಿಕೊಂಡು, ಉರುಳೆಯನ್ನು ತಿರುಗಗೊಡುವುದಿಲ್ಲ. ಸರಿಯಾದ ಕೀ ಹಾಕಿದರೆ ಅದರ ಹಲ್ಲುಗಳು ಒಂದೊಂದು ಬಿಲ್ಲೆಯನ್ನೂ ಬೇಕಾದಷ್ಟೇ ಎತ್ತಿ, ಎಲ್ಲವೂ ಉರುಳೆಯ ಮೈಗೆ ಸಮವಾಗುತ್ತವೆ. ಆಗ ಮಾತ್ರ ಅದು ತಿರುಗುತ್ತದೆ, ಅದರ ತುದಿಯ ಕ್ಯಾಮ್ ಪಿನ್ನನ್ನು ಹಿಂದಕ್ಕೆ ಎಳೆಯುತ್ತದೆ. ಒಂದು ಹಲ್ಲಿಗೂ ಇನ್ನೊಂದು ಹಲ್ಲಿಗೂ ಎತ್ತರದಲ್ಲಿ ಇರುವ ವ್ಯತ್ಯಾಸ ಬಹಳ ಸಣ್ಣದು. ಅಂದರೆ ಯಾವುದಾದರೂ ಒಂದು ಬಿಲ್ಲೆಯ ಕೆಳಗೆ ಮಣ್ಣಿನ ಒಂದು ಕಣ ಕೂತರೂ ಸಾಕು, ಕೀ ಸರಿಯಿದ್ದರೂ ಲಾಕ್ ತಿರುಗುವುದಿಲ್ಲ.

ಹೊಸಪೇಟೆ, ಸಂಡೂರು, ಕಂಪ್ಲಿ, ಹಂಪಿಗಳ ಸುತ್ತ ಹ್ಯಾಂಡಲ್ ಲಾಕ್‌ಗಳು ಕಷ್ಟಪಡುವುದಕ್ಕೆ ಒಂದು ದೊಡ್ಡ ಕಾರಣ ಈ ಕಣ. ಸಂಡೂರಿನ ಬೆಟ್ಟಗಳು ಕಬ್ಬಿಣದ ಅದಿರಿನವು. ದೋಣಿಮಲೈಯಲ್ಲಿ ಎನ್‌ಎಂಡಿಸಿಯ ಗಣಿ 1970ರ ದಶಕದಲ್ಲಿ ಶುರುವಾದದ್ದು. ಅದಿರು ಹೊತ್ತ ಲಾರಿಗಳು ಇಳಿದು ಬರುವ ರಸ್ತೆಗಳ ಬದಿಯ ಗಿಡ, ಗೋಡೆ, ಅಂಗಡಿಯ ತಗಡು ಎಲ್ಲವೂ ಕೆಂಪು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ಲಾರಿಗಳ ಸಾಲು ಇಳಿಯಿತು. ಗಣಿಗಳು ಮಿತಿಯೊಳಗೆ ಮತ್ತೆ ಶುರುವಾದ ಹಾಗೆ ಧೂಳೂ ಮರಳಿ ಬಂತು. ಈ ಕೆಂಪು ಪುಡಿ ಹೆಮಟೈಟ್. ಖನಿಜಗಳ ಗಟ್ಟಿತನ ಅಳೆಯುವ ಮೋಸ್ ಮಾಪಕದಲ್ಲಿ ಅದಕ್ಕೆ 5ರಿಂದ 6ರ ಆಸುಪಾಸಿನ ಸ್ಥಾನ, ಹಿತ್ತಾಳೆಗೆ ಬರೀ 3ರ ಆಸುಪಾಸು. ಬಿಲ್ಲೆಗಳ ನಡುವೆ ಸೇರಿದ ಅದಿರಿನ ಧೂಳು ಕೀ ಹಾಕಿ ತೆಗೆದಾಗಲೆಲ್ಲ ಹಿತ್ತಾಳೆಯನ್ನು ಉಜ್ಜಿ ಸವೆಸುತ್ತದೆ. ಲಾಕ್ ಕಚ್ಚಿಕೊಳ್ಳುವ ಮೊದಲೇ ಒಳಗೊಳಗೇ ಹಾಳಾಗುತ್ತ ಬಂದಿರುತ್ತದೆ.

ಹಂಪಿಯ ಕಡೆ ಧೂಳಿನ ಗುಣ ಬೇರೆ. ಬಂಡೆಗಳು ಕಳಿತು ಉದುರಿದ ಗ್ರಾನೈಟಿನ ಮರಳಿನಲ್ಲಿ ಕ್ವಾರ್ಟ್ಜ್ ಇದೆ, ಅದರ ಗಟ್ಟಿತನ 7. ಕಣ ದಪ್ಪವಾದ್ದರಿಂದ ಕೀ ತೂತಿನೊಳಗೆ ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ಇಳಿದರೆ ಮಾತ್ರ ಒಂದೇ ಕಣ ಒಂದು ಬಿಲ್ಲೆಯನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸುತ್ತದೆ. ಕಂಪ್ಲಿಯ ಸುತ್ತ ಭತ್ತದ ಗದ್ದೆಗಳು, ಕಾಲುವೆಗಳು. ಅಲ್ಲಿ ಲಾಕಿಗೆ ಶತ್ರು ಎರಡು: ಒಕ್ಕಣೆಯ ಕಾಲದಲ್ಲಿ ಗಾಳಿಯಲ್ಲಿ ತುಂಬುವ ಹೊಟ್ಟಿನ ಪುಡಿ, ಮಳೆಗಾಲದಲ್ಲಿ ಟ್ರ್ಯಾಕ್ಟರಿನ ಚಕ್ರದಿಂದ ಹಾರುವ ಕೆಸರು. ಹೊಟ್ಟಿನಲ್ಲಿ ಸಿಲಿಕಾ ಅಂಶ ಹೆಚ್ಚು, ಅದೂ ಉಜ್ಜುವ ಪದಾರ್ಥವೇ. ತುಂಗಭದ್ರಾ ಜಲಾಶಯದಿಂದ ನೀರು ಹೆಚ್ಚು ಬಿಟ್ಟ ವರ್ಷಗಳಲ್ಲಿ ಕಂಪ್ಲಿ ಸೇತುವೆಯ ಮೇಲೇ ಹೊಳೆ ಹರಿಯುತ್ತದೆ. ತಗ್ಗಿನ ಬೀದಿಗಳಲ್ಲಿ ನೀರಿಗೆ ಸಿಕ್ಕಿದ ಗಾಡಿಗಳ ಲಾಕಿನೊಳಗೆ ಗೋಡು ಕೂತು, ಒಣಗಿದ ಮೇಲೆ ಗಾರೆಯ ಹಾಗೆ ಗಟ್ಟಿಯಾಗುತ್ತದೆ.

ಲಾಕ್ ಬಿಡದಿದ್ದಾಗ ತೊಂದರೆ ಬಿಲ್ಲೆಗಳದ್ದೋ ಪಿನ್ನಿನದ್ದೋ ಎಂಬುದನ್ನು ಬೆರಳೇ ಹೇಳುತ್ತದೆ. ಕೀ ಪೂರ್ತಿ ಒಳಗೆ ಹೋಗಿ, ತಿರುಗಿಸಿದಾಗ ಒಂದಿಷ್ಟೂ ಅಲುಗದೆ ಗೋಡೆಗೆ ತಗುಲಿದಂತೆ ನಿಂತರೆ ಬಿಲ್ಲೆಗಳು ಸಮಕ್ಕೆ ಬಂದಿಲ್ಲ ಎಂದರ್ಥ. ಕೊಳೆ, ಸವೆದ ಕೀ ಅಥವಾ ಬೇರೆ ಗಾಡಿಯ ಕೀ ಕಾರಣ. ಒಂದೇ ಕಂಪನಿಯ ಎರಡು ಗಾಡಿಗಳಿರುವ ಮನೆಗಳಲ್ಲಿ ಕೀ ಅದಲುಬದಲಾಗಿ ಅರ್ಧ ಗಂಟೆ ಒದ್ದಾಡುವುದು ಅಪರೂಪವೇನಲ್ಲ. ಕೀ ಸ್ವಲ್ಪ ತಿರುಗಿ, ಆಮೇಲೆ ಯಾವುದೋ ಮೆತ್ತನೆಯ ಒತ್ತಡಕ್ಕೆ ಸಿಕ್ಕಂತೆ ವಾಪಸು ತಳ್ಳಿದರೆ ಬಿಲ್ಲೆಗಳು ತಮ್ಮ ಕೆಲಸ ಮಾಡಿವೆ, ಪಿನ್ ಬಿಗಿದಿದೆ. ಕೀ ಅರ್ಧಕ್ಕೇ ನಿಂತರೆ ಒಳಗೆ ಏನೋ ಅಡ್ಡ ಇದೆ. ಕೀ ಸರಾಗವಾಗಿ ಪೂರ್ತಿ ತಿರುಗಿದರೂ ಹ್ಯಾಂಡಲ್ ಬಿಡದಿದ್ದರೆ ಕ್ಯಾಮ್ ಮುರಿದಿದೆ ಅಥವಾ ಪಿನ್ ತುಕ್ಕಿನಲ್ಲಿ ಅಂಟಿದೆ. ಈ ನಾಲ್ಕನ್ನು ಬೇರೆ ಮಾಡಿ ನೋಡದೆ ಸ್ಪ್ರೇ ಹೊಡೆಯುವುದು, ಇಕ್ಕಳ ಹಿಡಿಯುವುದು ಎಲ್ಲವೂ ಕತ್ತಲಲ್ಲಿ ತಡಕಾಡಿದ ಹಾಗೆ.

ಅತಿ ಹೆಚ್ಚು ಕಾಣುವುದು ಪಿನ್ ಬಿಗಿತ, ಅತಿ ಸುಲಭವಾಗಿ ಬಿಡುವುದೂ ಅದೇ. ಲಾಕ್ ಹಾಕಿದ ಹ್ಯಾಂಡಲ್ ಪೂರ್ತಿ ಅಲುಗದೆ ನಿಲ್ಲುವುದಿಲ್ಲ. ಹಿಡಿಯಲ್ಲಿ ಕೆಲವು ಮಿಲಿಮೀಟರಿನಷ್ಟು ಆಚೆ ಈಚೆ ಆಡುತ್ತದೆ. ಆ ಆಟದ ನಡುವೆ ಎಲ್ಲೋ ಒಂದು ಕಡೆ ಪಿನ್ ತನ್ನ ಗುಂಡಿಯ ಯಾವ ಗೋಡೆಗೂ ತಾಗದೆ ಸಡಿಲವಾಗಿರುತ್ತದೆ. ಗಾಡಿ ನಿಂತ ರೀತಿಯಿಂದ ಹ್ಯಾಂಡಲ್ ಒಂದು ತುದಿಗೆ ಜಗ್ಗಿದರೆ ಅಷ್ಟೂ ಭಾರ ಪಿನ್ನಿನ ಪಕ್ಕಕ್ಕೆ ಬಿದ್ದು, ಅದನ್ನು ಹಿಂದಕ್ಕೆ ಎಳೆಯಲು ಕೀಯ ಬಲ ಸಾಲದಾಗುತ್ತದೆ. ಮುಂದಿನ ಚಕ್ರ ಫುಟ್‌ಪಾತಿನ ಅಂಚಿಗೆ ಒತ್ತಿ ನಿಂತಿರಬಹುದು. ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿ ಒಂದಂಗುಲ ಜರುಗಿರಬಹುದು. ಹಂಪಿಯಲ್ಲಿ ಹಬ್ಬ, ಜಾತ್ರೆ, ಉತ್ಸವಗಳ ದಿನ ವಿರೂಪಾಕ್ಷ ದೇವಸ್ಥಾನದ ಕಡೆಯ ಪಾರ್ಕಿಂಗ್‌ನಲ್ಲಿ ನೂರಾರು ಬೈಕುಗಳನ್ನು ಹ್ಯಾಂಡಲಿಗೆ ಹ್ಯಾಂಡಲ್ ತಾಗುವಂತೆ ನಿಲ್ಲಿಸುತ್ತಾರೆ, ಜಾಗಕ್ಕಾಗಿ ಲಾಕ್ ಬಿದ್ದ ಗಾಡಿಗಳನ್ನೂ ಎತ್ತಿ ಸರಿಸುತ್ತಾರೆ. ಸಂಜೆ ಮರಳಿ ಬಂದವರ ಕೀ ತಿರುಗದಿದ್ದರೆ ಹೆಚ್ಚಿನ ಪಾಲು ತಪ್ಪು ಪಕ್ಕದ ಗಾಡಿಯ ಒತ್ತಡದ್ದು.

ಬಿಡಿಸುವ ಕ್ರಮ ಹೀಗೆ. ಮೊದಲು ಗಾಡಿಯ ಮೇಲಿನ ಹೊರಗಿನ ಒತ್ತಡ ತೆಗೆಯಬೇಕು: ಪಕ್ಕದ ಗಾಡಿ ಸರಿಸಿ, ಚಕ್ರ ಅಂಚಿಗೆ ತಾಗಿದ್ದರೆ ಹಿಂದಕ್ಕೆ ಜಗ್ಗಿ, ಸಾಧ್ಯವಿದ್ದರೆ ಡಬಲ್ ಸ್ಟ್ಯಾಂಡ್ ಹಾಕಬೇಕು. ಡಬಲ್ ಸ್ಟ್ಯಾಂಡಿನಲ್ಲಿ ಮುಂದಿನ ಚಕ್ರ ನೆಲ ಬಿಟ್ಟರೆ ಪಿನ್ನಿನ ಮೇಲಿನ ಭಾರ ತಾನಾಗಿ ಕಡಿಮೆಯಾಗುತ್ತದೆ. ಆಮೇಲೆ ಎಡಗೈಯಲ್ಲಿ ಹ್ಯಾಂಡಲನ್ನು ಲಾಕ್ ಬಿದ್ದ ದಿಕ್ಕಿಗೇ, ಅಂದರೆ ಸಾಮಾನ್ಯವಾಗಿ ಎಡಕ್ಕೆ, ಇನ್ನೂ ತುದಿ ಮುಟ್ಟುವವರೆಗೆ ಒತ್ತಿ ಹಿಡಿಯಬೇಕು. ಹೆಚ್ಚಿನವರು ತಪ್ಪು ಮಾಡುವುದು ಇಲ್ಲೇ. ಹ್ಯಾಂಡಲ್ ಬಿಡಿಸುವ ಆತುರದಲ್ಲಿ ಅದನ್ನು ನೇರ ಮಾಡಲು ಬಲಕ್ಕೆ ಎಳೆಯುತ್ತಾರೆ, ಪಿನ್ ಇನ್ನಷ್ಟು ಬಿಗಿಯುತ್ತದೆ. ಎಡಕ್ಕೆ ಒತ್ತಿ ಹಿಡಿದ ಹ್ಯಾಂಡಲನ್ನು ಅಲ್ಲಿಂದ ಬಲಕ್ಕೆ ಒಂದೆರಡು ಮಿಲಿಮೀಟರ್ ನಿಧಾನವಾಗಿ ಬಿಡುತ್ತ, ಮತ್ತೆ ಒತ್ತುತ್ತ, ಬಲಗೈಯಲ್ಲಿ ಕೀಯನ್ನು ಹೆಬ್ಬೆರಳು ತೋರುಬೆರಳಿನ ಬಲದಲ್ಲಷ್ಟೇ ತಿರುಗಿಸುತ್ತಿರಬೇಕು. ಕೆಲವು ಮಾದರಿಗಳಲ್ಲಿ ಬಿಡಿಸುವಾಗಲೂ ಕೀಯನ್ನು ಒಳಕ್ಕೆ ಒತ್ತಬೇಕಾಗುತ್ತದೆ. ಪಿನ್ ಸಡಿಲವಾದ ಕ್ಷಣ ಟಕ್ಕೆಂದು ಸದ್ದು ಬರುತ್ತದೆ, ಕೀ ಆಫ್ ಸ್ಥಾನಕ್ಕೆ ಹೋಗಿ ನಿಲ್ಲುತ್ತದೆ. ಇಬ್ಬರಿದ್ದರೆ ಒಬ್ಬರು ಹ್ಯಾಂಡಲ್, ಇನ್ನೊಬ್ಬರು ಕೀ ಹಿಡಿಯುವುದು ಇನ್ನೂ ಒಳ್ಳೆಯದು.

ಇದರಿಂದ ಬಿಡದಿದ್ದರೆ ನೋಟ ಕೀಯ ಮೇಲೆ ಹೋಗಬೇಕು. ಐದಾರು ವರ್ಷ ದಿನಕ್ಕೆ ಹತ್ತು ಸಲ ಬಳಸಿದ ಕೀಯನ್ನು ಬೆಳಕಿಗೆ ಹಿಡಿದು, ಮನೆಯ ಬೀರುವಿನಲ್ಲಿ ಬಿದ್ದಿರುವ ಎರಡನೇ ಕೀಯ ಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಹೊಸದರ ಹಲ್ಲುಗಳ ತುದಿ ಚೂಪು, ತಗ್ಗುಗಳ ಅಂಚು ಸ್ಪಷ್ಟ. ಹಳೆಯದರ ಹಲ್ಲುಗಳು ದುಂಡಗಾಗಿ, ಮೈ ನುಣುಪಾಗಿ, ತುದಿ ಒಂದು ಪಕ್ಕಕ್ಕೆ ವಾಲಿರುತ್ತದೆ. ಸೀಟಿನ ಬೀಗ ತೆಗೆಯಲು, ಡಬ್ಬಿಯ ಮುಚ್ಚಳ ಎಬ್ಬಲು ಕೀ ಬಳಸುವವರ ಗಾಡಿಯಲ್ಲಿ ವಾಲಿಕೆ ಇನ್ನೂ ಹೆಚ್ಚು. ಸವೆದ ಕೀಯನ್ನು ಪೂರ್ತಿ ಒಳಗೆ ತಳ್ಳಿ, ಅರ್ಧ ಮಿಲಿಮೀಟರಿನಷ್ಟು ಹೊರಕ್ಕೆ ಎಳೆದು ತಿರುಗಿಸಿದರೆ ಕೆಲವೊಮ್ಮೆ ಬಿಲ್ಲೆಗಳು ಸಮಕ್ಕೆ ಬರುತ್ತವೆ. ಆ ಹೊತ್ತಿನ ತುರ್ತಿಗೆ ಅಷ್ಟು ಸಾಕು. ಖಾಯಂ ಉಪಾಯವೆಂದರೆ ಬಳಸದೆ ಇಟ್ಟ ಕೀಯನ್ನು ತರುವುದು. ಡುಪ್ಲಿಕೇಟ್ ಮಾಡಿಸುವಾಗಲೂ ಕೀ ಮಾಡುವವರ ಕೈಗೆ ಈ ಬಳಸದ ಕೀಯನ್ನೇ ಕೊಡಬೇಕು; ಸವೆದ ಕೀಯಿಂದ ತೆಗೆದ ನಕಲು ಸವೆತವನ್ನೂ ನಕಲು ಮಾಡಿಕೊಂಡೇ ಹುಟ್ಟುತ್ತದೆ. ಹೊಸ ಗಾಡಿಯ ಕೀ ಗೊಂಚಲಿನಲ್ಲಿ ಸಂಖ್ಯೆ ಕೊರೆದ ಸಣ್ಣ ತಗಡು ಬಂದಿದ್ದರೆ ಅದನ್ನು ಎಸೆಯದೆ ಮನೆಯಲ್ಲಿ ಜೋಪಾನವಾಗಿಡುವುದು ಒಳ್ಳೆಯದು, ಆ ಸಂಖ್ಯೆಯಿಂದ ಮೂಲ ಅಳತೆಯ ಕೀಯನ್ನೇ ಮಾಡಿಸಲು ದಾರಿಯಿದೆ.

ಕೀ ಸರಿಯಿದ್ದೂ ತಿರುಗದಿದ್ದರೆ ಕೊಳೆ. ಈ ಭಾಗದಲ್ಲಿ ಅತಿ ಹೆಚ್ಚು ಹಾನಿ ಮಾಡುವ ಅಭ್ಯಾಸ ಇಲ್ಲಿಂದಲೇ ಶುರುವಾಗುತ್ತದೆ: ಗ್ಯಾರೇಜಿನಲ್ಲಿ ಬಿದ್ದಿರುವ ಹಳೆಯ ಇಂಜಿನ್ ಆಯಿಲ್‌ನ ನಾಲ್ಕು ಹನಿ ಕೀ ತೂತಿಗೆ ಬಿಡುವುದು. ಆಯಿಲ್ ಬಿಟ್ಟ ಕೂಡಲೇ ಲಾಕ್ ತಿರುಗುವುದು ನಿಜ. ಮಾಡಿದವರಿಗೂ ಮಾಡಿಸಿಕೊಂಡವರಿಗೂ ಸಮಾಧಾನ. ಆದರೆ ಒಳಗೆ ಉಳಿದ ಎಣ್ಣೆಯ ಪೊರೆ ಮರುದಿನದಿಂದಲೇ ಧೂಳನ್ನು ಹಿಡಿದು ಕೂಡಿಸಲು ಶುರುಮಾಡುತ್ತದೆ. ಸಂಡೂರು ರಸ್ತೆಯಲ್ಲಿ ಓಡಾಡುವ ಗಾಡಿಯ ಇಂಥ ಲಾಕನ್ನು ಕೆಲವು ತಿಂಗಳ ನಂತರ ಬಿಚ್ಚಿದರೆ ಬಿಲ್ಲೆಗಳ ನಡುವೆ ಇಟ್ಟಿಗೆ ಬಣ್ಣದ, ಬೆರಳಿಗೆ ಅಂಟುವ ಹಿಟ್ಟು ಸಿಗುತ್ತದೆ. ಲೋಹಕ್ಕೆ ಪಾಲಿಶ್ ಹಾಕಲು ಬಳಸುವ ಲೇಪದಲ್ಲೂ ಇರುವುದು ಇದೇ ಎರಡು: ಎಣ್ಣೆ ಮತ್ತು ಗಟ್ಟಿ ಪುಡಿ. ಹೆಮಟೈಟ್ ಎಂದರೆ ಕಬ್ಬಿಣದ ಆಕ್ಸೈಡೇ; ಅದರ ನುಣುಪು ಪುಡಿಯನ್ನು ಚಿನ್ನ, ಗಾಜಿಗೆ ಹೊಳಪು ಕೊಡಲು ಬಹಳ ಕಾಲದಿಂದ ಬಳಸುತ್ತಾರೆ. ಲಾಕಿನೊಳಗೆ ಆ ಲೇಪವನ್ನು ಕೈಯಾರೆ ತಯಾರಿಸಿಟ್ಟರೆ ಬಿಲ್ಲೆಗಳು ಬೇಗ ತೆಳುವಾಗುತ್ತವೆ. ಕೊಬ್ಬರಿ ಎಣ್ಣೆ, ಗ್ರೀಸ್, ಹೊಲಿಗೆ ಯಂತ್ರದ ಎಣ್ಣೆ ಯಾವುದಕ್ಕೂ ಈ ಮಾತು ಅನ್ವಯಿಸುತ್ತದೆ.

ಸರಿಯಾದ ಕ್ರಮದಲ್ಲಿ ಮೊದಲು ಗಾಳಿ, ಆಮೇಲೆ ತೊಳೆಯುವ ದ್ರವ, ಕೊನೆಗೆ ಒಣ ಲೂಬ್ರಿಕೆಂಟ್. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಇದ್ದರೆ ಕೀ ತೂತಿನ ಮುಚ್ಚಳವನ್ನು ಕಡ್ಡಿಯಿಂದ ಸರಿಸಿ ಹಿಡಿದು, ಗಾಳಿಯನ್ನು ಓರೆಯಾಗಿ, ಸಣ್ಣಗೆ ಬಿಡಬೇಕು. ನೇರ ಒತ್ತಡದಲ್ಲಿ ಬಿಟ್ಟರೆ ಮಣ್ಣು ಇನ್ನೂ ಒಳಕ್ಕೆ ಹೋಗುತ್ತದೆ. ಆಮೇಲೆ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯ ಸಣ್ಣ ಕೊಳವೆಯನ್ನು ತೂತಿಗಿಟ್ಟು ಒಂದೆರಡು ಸಲ ಹೊಡೆದು, ಕೀ ಹಾಕಿ ತೆಗೆಯಬೇಕು. ತೆಗೆದಾಗಲೆಲ್ಲ ಕೀಯನ್ನು ಬಿಳಿ ಬಟ್ಟೆಗೆ ಒರೆಸಬೇಕು. ಮೊದಮೊದಲು ಬಟ್ಟೆಯ ಮೇಲೆ ಕೆಂಪು, ಕಪ್ಪು ಗೆರೆಗಳು ಬೀಳುತ್ತವೆ. ಹೊಡೆಯುವುದು, ಹಾಕುವುದು, ಒರೆಸುವುದು ಗೆರೆ ಬೀಳುವುದು ನಿಲ್ಲುವವರೆಗೆ ನಡೆಯಬೇಕು. ತಾಳ್ಮೆ ಬೇಡುವ ಕೆಲಸ, ಆದರೆ ಎಷ್ಟೋ ಲಾಕ್‌ಗಳು ಈ ಹಂತದಲ್ಲೇ ಬಿಡುತ್ತವೆ. ಇಗ್ನಿಷನ್ ಸ್ವಿಚ್ಚೂ ಸೇರಿರುವ ಲಾಕ್ ಆದರೆ ಸ್ಪ್ರೇ ಪೂರ್ತಿ ಆರುವ ಮುನ್ನ ಆನ್ ಮಾಡಬಾರದು. ಪೆಟ್ರೋಲ್ ಅನ್ನು ಇಲ್ಲಿ ಮುಟ್ಟಲೇಬಾರದು; ಕೆಳಗೇ ವಿದ್ಯುತ್ ಸಂಪರ್ಕಗಳಿವೆ, ಒಂದು ಕಿಡಿ ಸಾಕು. ಮನೆಮಾತಾಗಿರುವ ಡಬ್ಲ್ಯುಡಿ-40 ತರಹದ ಸ್ಪ್ರೇ ತುಕ್ಕು, ತೇವ ಬಿಡಿಸಲು ಒಳ್ಳೆಯದು, ಕೊಳೆಯನ್ನೂ ಸಡಿಲಿಸುತ್ತದೆ. ಅದನ್ನು ಕೊನೆಯ ಲೂಬ್ರಿಕೆಂಟ್ ಎಂದು ಒಳಗೆ ಬಿಡುವುದು ಮಾತ್ರ ತಪ್ಪು, ಏಕೆಂದರೆ ಅದೂ ತೆಳು ಎಣ್ಣೆಯ ಪೊರೆಯನ್ನು ಉಳಿಸುತ್ತದೆ.

ಒಣಗಿದ ಮೇಲೆ ಹಾಕಬೇಕಾದದ್ದು ಧೂಳು ಹಿಡಿಯದ ಪದಾರ್ಥ. ಕತ್ತಿನ ಪಕ್ಕದ ಪ್ರತ್ಯೇಕ ಲಾಕಿಗೆ ಗ್ರಾಫೈಟ್ ಪುಡಿ ಅತ್ಯುತ್ತಮ. ಅದು ಸಿಗದಿದ್ದರೆ ಚಿತ್ರ ಬರೆಯಲು ಬಳಸುವ ಮೆತ್ತನೆಯ 6ಬಿ ಪೆನ್ಸಿಲಿನಿಂದ ಕೀಯ ಹಲ್ಲುಗಳನ್ನು ಎರಡೂ ಕಡೆ ಕಪ್ಪಾಗುವಷ್ಟು ಉಜ್ಜಿ, ಹಲವು ಸಲ ಹಾಕಿ ತೆಗೆದರೂ ಕೆಲಸ ನಡೆಯುತ್ತದೆ. ಸಾಮಾನ್ಯ ಎಚ್‌ಬಿ ಪೆನ್ಸಿಲಿನಲ್ಲಿ ಜೇಡಿಯ ಪಾಲು ಹೆಚ್ಚು, ಆದ್ದರಿಂದ ಮೆತ್ತನೆಯದೇ ಬೇಕು. ಇಗ್ನಿಷನ್ ಜೊತೆಗಿರುವ ಲಾಕಿಗೆ ಗ್ರಾಫೈಟ್ ಸುರಿಯುವುದು ಸರಿಯಲ್ಲ: ಗ್ರಾಫೈಟಿನಲ್ಲಿ ವಿದ್ಯುತ್ ಹರಿಯುತ್ತದೆ, ಪುಡಿ ಕೆಳಗಿನ ಸಂಪರ್ಕ ಫಲಕದ ಮೇಲೆ ಬಿದ್ದರೆ ಶಾರ್ಟ್ ಆಗುವ ಅಪಾಯವಿದೆ. ಅಂಥ ಲಾಕಿಗೆ ಟೆಫ್ಲಾನ್ ಆಧಾರದ ಒಣ ಸ್ಪ್ರೇ ಸೂಕ್ತ. ದೊಡ್ಡ ಬೈಕ್ ಬಿಡಿಭಾಗದ ಅಂಗಡಿಗಳಲ್ಲಿ ಸೈಕಲ್ ಚೈನಿಗೆಂದು ಮಾರುವ ಡ್ರೈ ಲ್ಯೂಬ್‌ಗಳಲ್ಲಿ ಈ ಬಗೆಯದು ಸಿಗುತ್ತದೆ.

ತುಕ್ಕು ಹಿಡಿದ ಪಿನ್ನಿಗೆ ಚಿಕಿತ್ಸೆ ಬೇರೆ ಕಡೆಯಿಂದ ಆಗಬೇಕು. ಕೀ ತೂತಿಗೆ ಎಷ್ಟು ಹೊಡೆದರೂ ದ್ರವ ಪಿನ್ನಿಗೆ ತಲುಪುವುದು ಅಷ್ಟಕ್ಕಷ್ಟೇ. ಹೆಡ್‌ಲೈಟಿನ ಹಿಂದೆ, ಹ್ಯಾಂಡಲಿನ ಕೆಳಗೆ ಟಾರ್ಚ್ ಹಿಡಿದು ನೋಡಿದರೆ ಲಾಕಿನ ಡಬ್ಬಿಯಿಂದ ಹೊರಬಂದ ಪಿನ್ ಚಾಸಿಯ ಕತ್ತಿನ ಗುಂಡಿಗೆ ಹೋಗುವ ಜಾಗ ಕಾಣುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯ ಕೊಳವೆಯನ್ನು ಅಲ್ಲಿಗಿಟ್ಟು ಹೊಡೆದು, ಅರ್ಧ ಗಂಟೆ ಬಿಡಬೇಕು. ಆಮೇಲೆ ಒಬ್ಬರು ಕೀಯನ್ನು ಹಗುರ ಬಲದಲ್ಲಿ ತಿರುಗಿಸಿ ಹಿಡಿದಿರುವಾಗ ಇನ್ನೊಬ್ಬರು ಲಾಕಿನ ಡಬ್ಬಿಯನ್ನು ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಸಣ್ಣಗೆ ತಟ್ಟುತ್ತಿರಬೇಕು. ಸುತ್ತಿಗೆಯ ಪೆಟ್ಟು ಬೇಡ. ಡಬ್ಬಿ ಎರಕ ಹೊಯ್ದ ಸತುವಿನ ಮಿಶ್ರಲೋಹದ್ದು, ಬಿರುಕು ಬಿಡುತ್ತದೆ. ಹೊಳೆ ನೀರಿನಲ್ಲಿ ಮುಳುಗಿದ್ದ ಗಾಡಿಯಾದರೆ ಇದನ್ನೆಲ್ಲ ಮಾಡುವ ಮೊದಲು ಶುದ್ಧ ನೀರಿನಲ್ಲಿ ತೊಳೆದು ಗೋಡು ಹೊರಹಾಕುವುದು, ಬ್ಯಾಟರಿಯ ಸಂಪರ್ಕ ಬಿಚ್ಚುವುದು ಅಗತ್ಯ.

ಬಿಸಿಲಿಗೆ ಲಾಕ್ ಹಿಗ್ಗಿ ಕಚ್ಚಿಕೊಳ್ಳುತ್ತದೆ ಎಂಬ ನಂಬಿಕೆ ಈ ಕಡೆ ಬಲವಾಗಿದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಅದು ಸಹಜವೂ ಹೌದು. ಹಂಪಿಯ ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೋಗುವವರು ಗಾಡಿಯನ್ನು ದೂರದಲ್ಲೇ ನಿಲ್ಲಿಸಿ ಬ್ಯಾಟರಿ ವಾಹನ ಹತ್ತಬೇಕು. ಎರಡು ಮೂರು ಗಂಟೆ ಬಿಸಿಲಲ್ಲಿ ನಿಂತ ಕೀ ತೂತನ್ನು ಮುಟ್ಟಲೂ ಆಗುವುದಿಲ್ಲ. ಆದರೆ ಲೆಕ್ಕ ಹಾಕಿದರೆ ಭಯಕ್ಕೆ ಕಾರಣವಿಲ್ಲ. ಸತುವಿನ ಮಿಶ್ರಲೋಹ ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 27 ಪಾಲು ಹಿಗ್ಗುತ್ತದೆ. ಹತ್ತು ಮಿಲಿಮೀಟರ್ ದಪ್ಪದ ಉರುಳೆ 30 ಡಿಗ್ರಿ ಹೆಚ್ಚು ಕಾದರೆ ಹಿಗ್ಗುವುದು ಮಿಲಿಮೀಟರಿನ ಸಾವಿರದಲ್ಲಿ ಎಂಟು ಪಾಲು. ಸುತ್ತಲಿನ ಕವಚವೂ ಅದೇ ಬಗೆಯ ಲೋಹದ್ದಾದ್ದರಿಂದ ಅದೂ ಜೊತೆಗೇ ಹಿಗ್ಗಿ, ನಡುವಿನ ಸಂದು ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಬಿಸಿಲಿನ ನಿಜವಾದ ಕೇಡು ನಿಧಾನದ್ದು: ಒಳಗಿನ ಹಳೆಯ ಗ್ರೀಸನ್ನು ಒಣಗಿಸಿ ಅಂಟಾಗಿಸುತ್ತದೆ. ಆದ್ದರಿಂದ ತಣ್ಣೀರು ಸುರಿಯುವುದರಿಂದ ಪ್ರಯೋಜನವಿಲ್ಲ. ಬಿಸಿನೀರು, ಬೆಂಕಿಕಡ್ಡಿ, ಲೈಟರ್‌ಗಳಂತೂ ಒಳಗಿನ ಪ್ಲಾಸ್ಟಿಕ್ ಭಾಗಗಳನ್ನು ಕೆಡಿಸುತ್ತವೆ.

ಕೀ ಒಳಗೇ ಮುರಿದರೆ ಉಳಿದ ತುಂಡನ್ನು ಇನ್ನೊಂದು ಕೀಯಿಂದ ತಳ್ಳಬಾರದು. ತೂತಿನಲ್ಲಿ ತುಂಡಿನ ತುದಿ ಕಾಣುತ್ತಿದ್ದರೆ ತೆಳುವಾದ ಚಿಮುಟ ಸಾಕು. ಒಳಗಿದ್ದರೆ ಅಕ್ಕಸಾಲಿಗರು ಬಳಸುವ ಸಣ್ಣ ಗರಗಸದ ಬ್ಲೇಡಿನ ತುಂಡು ಬಹಳ ಉಪಯೋಗಕ್ಕೆ ಬರುತ್ತದೆ: ಹಲ್ಲುಗಳು ಹೊರಮುಖವಾಗಿರುವಂತೆ ಹಿಡಿದು, ಮುರಿದ ಕೀಯ ಪಕ್ಕದಲ್ಲಿ ಜಾರಿಸಿ, ಸ್ವಲ್ಪ ಓರೆ ಮಾಡಿ ಎಳೆದರೆ ತುಂಡು ಹಲ್ಲಿಗೆ ಸಿಕ್ಕಿ ಹೊರಬರುತ್ತದೆ. ಉರುಳೆ ಅರ್ಧ ತಿರುಗಿದ ಸ್ಥಿತಿಯಲ್ಲಿದ್ದರೆ ಎಳೆದರೂ ಬರುವುದಿಲ್ಲ, ಮೊದಲು ಅದನ್ನು ಕೀ ಹಾಕಿ ತೆಗೆಯುವ ಸ್ಥಾನಕ್ಕೆ ತರಬೇಕು. ತುಂಡಿಗೆ ಫೆವಿಕ್ವಿಕ್ ಹಚ್ಚಿ ಎಳೆಯುವ ಉಪಾಯ ಕೇಳಲು ಚೆಂದ. ಒಂದು ಹನಿ ಬಿಲ್ಲೆಗೆ ತಾಗಿದರೆ ಲಾಕ್ ಸೆಟ್ಟನ್ನೇ ಬದಲಿಸಬೇಕಾಗುತ್ತದೆ. ಮುರಿದ ಎರಡೂ ತುಂಡುಗಳನ್ನು ಜೋಡಿಸಿಟ್ಟು ಹೊಸ ಕೀ ಕತ್ತರಿಸಬಲ್ಲ ಕುಶಲರು ಪೇಟೆಗಳಲ್ಲಿ ರಸ್ತೆ ಬದಿ ಪೆಟ್ಟಿಗೆ ಇಟ್ಟುಕೊಂಡು ಕೂತಿರುತ್ತಾರೆ.

ಹ್ಯಾಂಡಲನ್ನು ಒದ್ದು, ಜಗ್ಗಿ ಪಿನ್ ಮುರಿಯುವುದು ಕಳ್ಳರ ದಾರಿ. ಅದು ಸಾಧ್ಯವಿರುವುದರಿಂದಲೇ ಮಾಲೀಕರಿಗೂ ಆಸೆ ಹುಟ್ಟುತ್ತದೆ. ಪಿನ್ ಮುರಿಯುವ ಮೊದಲು ಆ ಬಲವೆಲ್ಲ ಫೋರ್ಕ್ ಹಿಡಿದಿರುವ ಟಿ, ಹ್ಯಾಂಡಲ್ ತಿರುಗುವ ಬೇರಿಂಗಾದ ಕೋನ್‌ಸೆಟ್, ಚಾಸಿಯ ಕತ್ತಿನ ಗುಂಡಿಗಳ ಮೇಲೆ ಬೀಳುತ್ತದೆ. ಕೋನ್‌ಸೆಟ್ಟಿನ ಬಾಲ್‌ಗಳು ತಮ್ಮ ಹಳ್ಳದಲ್ಲಿ ಗುರುತು ಮಾಡಿಕೊಂಡರೆ ಮುಂದೆ ಹ್ಯಾಂಡಲ್ ಸರಾಗವಾಗಿ ತಿರುಗದೆ ಆ ಜಾಗದಲ್ಲಿ ತಡೆಯುತ್ತದೆ. ಮುರಿದ ಪಿನ್ನಿನ ಚೂರು ಗುಂಡಿಯಲ್ಲೇ ಉಳಿದು, ಓಡುವಾಗ ಹ್ಯಾಂಡಲಿಗೆ ಅಡ್ಡ ಬರುವುದು ಅದಕ್ಕಿಂತ ದೊಡ್ಡ ಅಪಾಯ.

ಏನು ಮಾಡಿದರೂ ಬಿಡದ ಗಾಡಿಯನ್ನು ಹಂಪಿಯಿಂದ ಸುಮಾರು 13 ಕಿಲೋಮೀಟರ್ ದೂರದ ಹೊಸಪೇಟೆಗೆ ತಳ್ಳಿಕೊಂಡು ಬರುವಂತಿಲ್ಲ. ಮುಂದಿನ ಚಕ್ರವನ್ನು ಎತ್ತಿ, ನಾಲ್ಕು ಜನ ಸೇರಿ ಸಣ್ಣ ಗೂಡ್ಸ್ ಗಾಡಿಗೆ ಹತ್ತಿಸಿ, ಹಗ್ಗ ಕಟ್ಟಿ ತರಬೇಕು. ಇಲ್ಲವೇ ಕೀ ಕೆಲಸದವರನ್ನೇ ಜಾಗಕ್ಕೆ ಕರೆಸಬೇಕು. ಆರ್‌ಸಿಯ ಪ್ರತಿ ಫೋನಿನಲ್ಲಿ ಇದ್ದರೆ ಒಳ್ಳೆಯದು. ಪರವೂರಿನ ನೋಂದಣಿಯ ಗಾಡಿಯ ಲಾಕ್ ಬಿಚ್ಚುವ ಮುನ್ನ ಕಾಗದ ಕೇಳುವ ಕೆಲಸಗಾರ ತನ್ನ ಕಸುಬಿಗೆ ನಿಷ್ಠನಾಗಿರುವವನು, ಅವನ ಮೇಲೆ ಸಿಡುಕಬಾರದು. ಕತ್ತಿನ ಪಕ್ಕದ ಪ್ರತ್ಯೇಕ ಲಾಕಾದರೆ ಅವರು ಉರುಳೆಯನ್ನೇ ಡ್ರಿಲ್ ಮಾಡಿ ತೆಗೆದು ಹೊಸದನ್ನು ಕೂಡಿಸುತ್ತಾರೆ. ಇಗ್ನಿಷನ್ ಜೊತೆಗಿನ ಲಾಕನ್ನು ಅನೇಕ ಮಾದರಿಗಳಲ್ಲಿ ತಲೆ ಮುರಿದ ಬೋಲ್ಟುಗಳಿಂದ ಕೂಡಿಸಿರುತ್ತಾರೆ. ಬಿಗಿ ಮಾಡುವಾಗಲೇ ತಲೆ ಕಳಚಿಕೊಳ್ಳುವ ಈ ಬೋಲ್ಟುಗಳನ್ನು ಸ್ಪ್ಯಾನರಿನಿಂದ ಬಿಚ್ಚಲಾಗದು, ಉಳಿಯಿಂದ ಪಕ್ಕಕ್ಕೆ ತಟ್ಟಿ ತಿರುಗಿಸಬೇಕು ಅಥವಾ ಕೊರೆಯಬೇಕು. ಗ್ಯಾರೇಜಿನ ಕೆಲಸ ಅದು.

ಲಾಕ್ ಬಿಟ್ಟ ಕೂಡಲೇ ಗಾಡಿ ಹತ್ತಿ ಹೊರಡುವುದು ತಪ್ಪು. ಪಿನ್ ಅರ್ಧ ಮಾತ್ರ ಹಿಂದೆ ಸರಿದಿದ್ದರೆ ತಿರುವಿನಲ್ಲಿ ಹ್ಯಾಂಡಲ್ ಮತ್ತೆ ಕಚ್ಚಿಕೊಳ್ಳಬಹುದು. ವೇಗದಲ್ಲಿರುವ ಗಾಡಿಯಲ್ಲಿ ಅದಕ್ಕೆ ಮದ್ದಿಲ್ಲ. ಇಂಜಿನ್ ಬಂದ್ ಇರುವಾಗ ಡಬಲ್ ಸ್ಟ್ಯಾಂಡ್ ಹಾಕಿ, ಹ್ಯಾಂಡಲನ್ನು ಎಡದ ತುದಿಯಿಂದ ಬಲದ ತುದಿಗೆ ಹತ್ತು ಸಲ ತಿರುಗಿಸಿ ನೋಡಬೇಕು. ಎಲ್ಲೂ ತಡೆ, ಕರಕರ ಸದ್ದು ಇರಬಾರದು. ಟಾರ್ಚಿನಲ್ಲಿ ನೋಡಿದಾಗ ಪಿನ್ನಿನ ತುದಿ ಡಬ್ಬಿಯ ಅಂಚಿನಿಂದ ಹೊರಗೆ ಕಾಣಬಾರದು. ಕೀಯನ್ನು ಆಫ್, ಆನ್ ಎರಡೂ ಸ್ಥಾನಗಳಲ್ಲಿಟ್ಟು ಇದನ್ನು ಮಾಡಬೇಕು. ಸ್ವಲ್ಪವೂ ಸಂದೇಹವಿದ್ದರೆ ಆ ಗಾಡಿ ಅಂದು ರಸ್ತೆಗಿಳಿಯಬಾರದು.

ಒಮ್ಮೆ ಕೈಕೊಟ್ಟ ಮೇಲೆ ಹ್ಯಾಂಡಲ್ ಲಾಕ್ ಹಾಕುವುದನ್ನೇ ಬಿಟ್ಟುಬಿಡುವವರಿದ್ದಾರೆ. ಬಳಸದ ಪಿನ್ನಿಗೆ ತುಕ್ಕು ಬೇಗ ಹಿಡಿಯುತ್ತದೆ, ಯಾವತ್ತೋ ಊರಿಗೆ ಹೋಗುವಾಗ ಹಾಕಿದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ದಿನವೂ ಬಳಸುವುದೇ ಸರಿ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಒಣ ಲೂಬ್ರಿಕೆಂಟ್ ಹಾಕಬೇಕು. ಗಣಿ ರಸ್ತೆಯಲ್ಲಿ ಓಡಾಡುವವರು ಕೀಯನ್ನು ಪ್ಯಾಂಟಿಗೆ ಒರೆಸಿ ಹಾಕುವ ರೂಢಿ ಬೆಳೆಸಿಕೊಂಡರೆ ಅರ್ಧ ಧೂಳು ಹೊರಗೇ ಉಳಿಯುತ್ತದೆ. ಮನೆ, ಅಂಗಡಿ, ಬೀರುವಿನ ಕೀಗಳನ್ನೆಲ್ಲ ಒಂದೇ ಗೊಂಚಲಿಗೆ ಸೇರಿಸಿ ಬೈಕಿಗೆ ನೇತುಹಾಕುವುದರಿಂದ ಆ ತೂಕ ರಸ್ತೆಯ ಪ್ರತಿ ಗುಂಡಿಗೂ ಅಲುಗಿ ಬಿಲ್ಲೆಗಳನ್ನು ಸವೆಸುತ್ತದೆ. ವಾಟರ್ ಸರ್ವಿಸ್ ಮಾಡಿಸುವಾಗ ಒತ್ತಡದ ನೀರನ್ನು ಕೀ ತೂತಿನ ಮೇಲೆ ಬಿಡದಂತೆ ಹೇಳಬೇಕು. ಆಯುಧ ಪೂಜೆಯ ದಿನ ಇದು ಇನ್ನೂ ಮುಖ್ಯ: ಬೆಳಿಗ್ಗೆ ನೀರು, ಆಮೇಲೆ ಅರಿಶಿನ, ಕುಂಕುಮ, ಗಂಧ, ಅಕ್ಷತೆ. ಕೀ ತೂತಿನ ಮೇಲೆಯೇ ಹಚ್ಚಿದ ಕುಂಕುಮ ತೇವದೊಂದಿಗೆ ಒಳಗಿಳಿದು ಬಿಲ್ಲೆಗಳಿಗೆ ಅಂಟುತ್ತದೆ. ಪೂಜೆಯ ಹೊತ್ತಿಗೆ ತೂತಿಗೆ ಒಂದು ತುಂಡು ಟೇಪ್ ಅಂಟಿಸಿ, ಕುಂಕುಮವನ್ನು ಹೆಡ್‌ಲೈಟಿನ ಮೇಲೋ ಟ್ಯಾಂಕಿನ ಮೇಲೋ ಹಚ್ಚಿದರೆ ಭಕ್ತಿಗೂ ಲಾಕಿಗೂ ಕೊರತೆಯಾಗುವುದಿಲ್ಲ.

ಲಾಕ್ ಬದಲಿಸಲೇಬೇಕಾದರೆ ಬಿಡಿ ಲಾಕ್ ಬದಲು ಇಗ್ನಿಷನ್, ಪೆಟ್ರೋಲ್ ಟ್ಯಾಂಕಿನ ಮುಚ್ಚಳ, ಸೀಟು ಮೂರಕ್ಕೂ ಒಂದೇ ಕೀ ಬರುವ ಪೂರ್ತಿ ಸೆಟ್ ಹಾಕಿಸುವುದು ಲೇಸು. ಗಾಡಿ ಕಳುವಾದಾಗ ವಿಮಾ ಕಂಪನಿಗಳು ಎರಡೂ ಮೂಲ ಕೀಗಳನ್ನು ಕೇಳುತ್ತವೆ. ಆದ್ದರಿಂದ ಹೊಸ ಸೆಟ್ಟಿನ ಬಿಲ್ಲನ್ನು, ಹಳೆಯ ಕೀ ಮುರಿದಿದ್ದರೆ ಅದರ ತುಂಡುಗಳನ್ನು ಆರ್‌ಸಿ ಮತ್ತು ವಿಮೆಯ ಕಾಗದಗಳ ಜೊತೆಗೇ ಇಡಬೇಕು. ಹೊಸ ಸೆಟ್ಟಿನ ಎರಡು ಕೀಗಳಲ್ಲಿ ಒಂದನ್ನು ಮೊದಲ ದಿನವೇ ಬೇರೆ ಮಾಡಿ, ಬಳಸದೆ ಮನೆಯಲ್ಲಿಡಬೇಕು.